ಒಬ್ಬ ತಾಯಿಯ ಪಾಠಶಾಲೆ

'ಮನೆಪಾಠ' ಎಂಬ ಮಾತಿಗೆ ನಮ್ಮಲ್ಲಿ ಈಗ ಒಂದು ಗೊತ್ತಾದ ಅರ್ಥ ಬಂದುಬಿಟ್ಟಿದೆ. ಶಾಲೆಯಲ್ಲಿ ಹೇಳಿಕೊಟ್ಟದ್ದು ಸಾಲದೆಂದು, ಸಂಜೆಯ ಹೊತ್ತು ಇನ್ನೊಬ್ಬ ಮೇಷ್ಟರಲ್ಲಿಗೆ ಹೋಗಿ, ಹಣ ತೆತ್ತು ಹೇಳಿಸಿಕೊಳ್ಳುವ ಪಾಠ ಅದು. ಈ ಹೊತ್ತು ನಾನು ಮಾತನಾಡಹೊರಟಿರುವುದು ಆ ಮನೆಪಾಠವನ್ನು ಕುರಿತಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸದೆ, ತಾಯಿಯೋ ತಂದೆಯೋ ಮನೆಯಲ್ಲಿಯೇ ಕುಳ್ಳಿರಿಸಿಕೊಂಡು ಅಕ್ಷರದಿಂದ ಮೊದಲುಗೊಂಡು ಎಲ್ಲವನ್ನೂ ಕಲಿಸುವ ಪದ್ಧತಿಯನ್ನು ಕುರಿತು. ನಮ್ಮ ನಗರಗಳಲ್ಲಿ ಅಲ್ಲೊಂದು ಇಲ್ಲೊಂದು ಸಂಸಾರ ಈ ದಾರಿಯನ್ನು ಹಿಡಿದಿರುವುದು ಶ್ರೋತೃಗಳಲ್ಲಿ ಕೆಲವರಿಗೆ ತಿಳಿದಿರಬಹುದು.

ಒಂದೇ ಮಗುವಿಗೆ ಮನೆಯಲ್ಲಿ ಕಲಿಸುವುದು ಒಂದು ಬಗೆ. ಮೂರು ನಾಲ್ಕು ಮಕ್ಕಳಿಗೆ ಕಲಿಸುವುದು ಬೇರೆಯೇ ಬಗೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು, ಮೂವರು ಮಕ್ಕಳ ತಾಯಿ, ತಮ್ಮ ಕಷ್ಟವನ್ನು ನನ್ನೊಡನೆ ಹೇಳಿಕೊಂಡರು. "ಯಾವ ಪುಸ್ತಕ, ಯಾವ ಪದ್ಧತಿ ಅಂತ ನಾನು ಕೇಳ್ತಾ ಇಲ್ಲ, ಸಾರ್. ದೊಡ್ಡವನಿಗೆ ಲೆಕ್ಕ ಹೇಳಿಕೊಡುವಾಗ ಚಿಕ್ಕವಳು ಏನು ಮಾಡಬೇಕು? ಒಬ್ಬಳನ್ನು ಹೊಗಳಿದರೆ ಇನ್ನೊಬ್ಬನ ಮುಖ ಬಾಡುತ್ತೆ, ಅದಕ್ಕೇನು ಮಾಡಲಿ? ಅನ್ನಕ್ಕೆ ಇಡೋದು ಯಾವಾಗ?" ಎಂದರು. ಶಿಕ್ಷಣಶಾಸ್ತ್ರದ ಗ್ರಂಥಗಳು ಸಾಮಾನ್ಯವಾಗಿ ಇಂಥ ಪ್ರಶ್ನೆಗಳಿಗೆ ಇಳಿಯುವುದಿಲ್ಲ. ಆದರೆ ಇವುಗಳಿಗೆ ಉತ್ತರ ಬರೆದಿಟ್ಟ ತಾಯಿಯೊಬ್ಬಳು ಇದ್ದಳು. ಮುನ್ನೂರು ವರ್ಷಗಳ ಹಿಂದೆ, ಇಂಗ್ಲೆಂಡಿನ ಒಂದು ಜೌಗುನಾಡಿನ ಊರಿನಲ್ಲಿ. ಆಕೆಯ ಹೆಸರು ಸುಸಾನಾ ವೆಸ್ಲಿ.

ವೆಸ್ಲಿ ಎಂಬ ಹೆಸರು ಹಳೆಯ ಮೈಸೂರಿನವರಿಗೆ ಹೊಸದಲ್ಲ. ಮೈಸೂರಿನ ವೆಸ್ಲಿ ಪ್ರೆಸ್ಸಿನಲ್ಲಿ ಅಚ್ಚಾದ ಕನ್ನಡ ಪುಸ್ತಕಗಳನ್ನು ನಮ್ಮ ಹಿಂದಿನ ತಲೆಮಾರು ಕೈಯಲ್ಲಿ ಹಿಡಿದು ಓದಿದೆ. 1887ರಲ್ಲಿ ಮೈಸೂರಿನಲ್ಲಿ ಹೊರಟ 'ವೃತ್ತಾಂತ ಪತ್ರಿಕೆ' ಆ ಮಿಷನ್ನಿನವರದೇ. ಆ ಮಿಷನ್ನಿಗೆ ಹೆಸರಾದ ಜಾನ್ ವೆಸ್ಲಿಯ ತಾಯಿ ಈ ಸುಸಾನಾ. 1669ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸ್ಯಾಮ್ಯುಅಲ್ ವೆಸ್ಲಿ ಎಂಬ ಪಾದ್ರಿಯನ್ನು ಮದುವೆಯಾಗಿ, ಕೆಲವು ವರ್ಷಗಳ ಮೇಲೆ ಲಿಂಕನ್‌ಷೈರ್ ಪ್ರಾಂತದ ಎಪ್‌ವರ್ತ್ ಎಂಬ ಊರಿಗೆ ಬಂದಳು. ಹಡೆದದ್ದು ಹತ್ತೊಂಬತ್ತು ಎಂದು ಪ್ರತೀತಿ. ಬೆಳೆದು ದೊಡ್ಡವರಾದವರು ಹತ್ತು ಮಂದಿ, ಏಳು ಹೆಣ್ಣು, ಮೂರು ಗಂಡು. ಗಂಡ ವಿದ್ವಾಂಸ, ಕವಿ. ಹಣದ ವಿಚಾರದಲ್ಲಿ ಮಾತ್ರ ಲೆಕ್ಕವಿಲ್ಲದ ಮನುಷ್ಯ. ಸಾಲ ತೀರಿಸಲಾಗದೆ 1705ರಲ್ಲಿ ಕೆಲವು ತಿಂಗಳು ಲಿಂಕನ್ ಕೋಟೆಯ ಸೆರೆಮನೆಯಲ್ಲಿಯೂ ಇದ್ದ. ಇಂಥ ಸಂಸಾರದ ನಡುವೆ ಆ ತಾಯಿ ಇಪ್ಪತ್ತು ವರ್ಷಗಳಿಗೂ ಮೀರಿ ಮನೆಯಲ್ಲಿಯೇ ಶಾಲೆಯನ್ನು ನಡೆಸಿದಳು.

ಆ ಶಾಲೆಯ ವಿವರ ನಮಗೆ ತಿಳಿದಿರುವುದು ಆಕೆಯ ಒಂದು ಕಾಗದದಿಂದ. 1732ರಲ್ಲಿ, ಮಗ ಜಾನ್ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾಗಿದ್ದಾಗ, 'ನಮ್ಮನ್ನು ಹೇಗೆ ಬೆಳೆಸಿದೆ, ಬರೆದು ತಿಳಿಸು' ಎಂದು ಬೇಡಿಕೊಂಡ, ತಾಯಿ ಬರೆದಳು. 1742ರಲ್ಲಿ ಆಕೆ ತೀರಿಕೊಂಡಾಗ ಮಗ ಆ ಕಾಗದವನ್ನು ತನ್ನ ದಿನಚರಿಯಲ್ಲಿ ಸೇರಿಸಿ ಪ್ರಕಟಿಸಿದ. ಅದರಲ್ಲಿ ದೊಡ್ಡ ಸಿದ್ಧಾಂತಗಳು ಕಡಿಮೆ. ದಿನಚರಿಯ ಸಣ್ಣ ಸಣ್ಣ ನಿರ್ಧಾರಗಳೇ ಹೆಚ್ಚು. ನನಗೆ ಆ ಕಾಗದ ಮೆಚ್ಚಿಕೆಯಾದದ್ದು ಆ ಕಾರಣದಿಂದಲೇ.

ಮೊದಲನೆಯ ನಿರ್ಧಾರ, ಓದನ್ನು ಎಂದು ಆರಂಭಿಸಬೇಕು ಎಂಬುದು. ಐದು ವರ್ಷ ತುಂಬುವವರೆಗೆ ಆಕೆ ಯಾವ ಮಗುವಿಗೂ ಅಕ್ಷರ ಕಲಿಸಲಿಲ್ಲ. ಐದನೆಯ ಹುಟ್ಟುಹಬ್ಬದ ಮರುದಿನ ಪಾಠ ಆರಂಭ. ಅದರ ಹಿಂದಿನ ದಿನವೇ ಮನೆಯನ್ನು ಅಣಿಗೊಳಿಸಿ, ಪ್ರತಿಯೊಬ್ಬರಿಗೂ ಅವರವರ ಕೆಲಸ ಹಂಚಿ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ, ಮಧ್ಯಾಹ್ನ ಎರಡರಿಂದ ಐದರವರೆಗೆ ಯಾರೂ ಆ ಕೋಣೆಗೆ ಕಾಲಿಡಕೂಡದೆಂದು ಕಟ್ಟಪ್ಪಣೆ. ಆ ಒಂದು ದಿನ ತಾಯಿ ಪೂರ್ತಿಯಾಗಿ ಆ ಒಂದು ಮಗುವಿನದು. ಅಷ್ಟರಲ್ಲಿ ಮಗು ಅಕ್ಷರಮಾಲೆಯನ್ನು ಪೂರ್ತಿ ಕಲಿಯಬೇಕು. ಎಲ್ಲರೂ ಕಲಿತರು, ಮೋಲಿ ಮತ್ತು ನ್ಯಾನ್ಸಿ ಎಂಬ ಇಬ್ಬರಿಗೆ ಮಾತ್ರ ಒಂದೂವರೆ ದಿನ ಹಿಡಿಯಿತು. ಅದಕ್ಕಾಗಿ ತಾಯಿ ಅವರನ್ನು ಮಂದಮತಿಗಳೆಂದು ಭಾವಿಸಿದ್ದಳಂತೆ! ನಮ್ಮ ತಾಯಂದಿರು ಇದನ್ನು ಕೇಳಿ ಧೃತಿಗೆಡಬೇಕಾಗಿಲ್ಲ. ಇಂಗ್ಲಿಷಿನದು ಇಪ್ಪತ್ತಾರು ಅಕ್ಷರಗಳ ಸಂಸಾರ. ನಮ್ಮದು ನಲವತ್ತೊಂಬತ್ತು, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ.

ಕೊನೆಯ ಮಗಳು ಕೆಜಿಯಾಳ ವಿಷಯದಲ್ಲಿ ಮಾತ್ರ ಐದು ವರ್ಷದ ನಿಯಮ ತಪ್ಪಿತು. ಮನೆಯವರ ಒತ್ತಾಯಕ್ಕೆ ತಾಯಿ ಬಗ್ಗಬೇಕಾಯಿತು. ಮಗುವನ್ನು ಬೇಗನೆ ಓದಿಗೆ ಹಚ್ಚಿದರು. ಉಳಿದವರು ತಿಂಗಳುಗಳಲ್ಲಿ ಕಲಿತದ್ದನ್ನು ಈ ಹುಡುಗಿ ಅದಕ್ಕಿಂತ ಹೆಚ್ಚಿನ ಸಂಖ್ಯೆಯ ವರ್ಷಗಳಲ್ಲಿ ಕಲಿತಳು ಎಂದು ತಾಯಿ ಬರೆದಿದ್ದಾಳೆ. ಮೂರನೆಯ ವರ್ಷಕ್ಕೇ ಮಗುವಿನ ಬೆನ್ನಿಗೆ ಚೀಲ ಹೇರುವ ನಮ್ಮ ಕಾಲದವರು ಈ ಒಂದು ವಾಕ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಎರಡನೆಯದು, ಎಷ್ಟು ಕಲಿಸಬೇಕು ಎಂಬುದು. ಅಕ್ಷರ ತಿಳಿದ ಮಗು ನೇರವಾಗಿ ಬೈಬಲ್ಲಿನ ಮೊದಲ ಅಧ್ಯಾಯಕ್ಕೇ ಹೋಗುತ್ತಿತ್ತು. ಮೊದಲ ದಿನ ಒಂದು ವಾಕ್ಯ. ಅದರ ಪದಗಳನ್ನು ಬಿಡಿಬಿಡಿಯಾಗಿ ಕೂಡಿಸಿ, ಮತ್ತೆ ಮತ್ತೆ ಓದಿ, ತಡವರಿಸದೆ ಬಂದಮೇಲೆಯೇ ಎರಡನೆಯ ವಾಕ್ಯ. ಪಾಠ ಚಿಕ್ಕದಿರಲಿ ದೊಡ್ಡದಿರಲಿ, ಪೂರ್ತಿ ಆಗದೆ ಮುಂದಕ್ಕೆ ಹೋಗುವಂತಿಲ್ಲ. ಹಿರಿಯ ಮಗ ಸ್ಯಾಮ್ಯುಅಲ್ ಐದರ ಹತ್ತಿರ ಬರುವವರೆಗೆ ಮಾತೇ ಆಡಿರಲಿಲ್ಲವೆಂದು ಹೇಳುತ್ತಾರೆ. ಅಂಥ ಹುಡುಗ ಕೆಲವೇ ಗಂಟೆಗಳಲ್ಲಿ ಅಕ್ಷರ ಕಲಿತು, ಕೆಲವೇ ತಿಂಗಳಲ್ಲಿ ಒಂದು ಅಧ್ಯಾಯವನ್ನು ಸಲೀಸಾಗಿ ಓದತೊಡಗಿದ. ಈ ತಾಯಿಯ ತಾಳ್ಮೆಯ ಬಗೆಗೆ ಒಂದು ಕತೆ ಪ್ರಚಾರದಲ್ಲಿದೆ. ಒಂದೇ ವಿಷಯವನ್ನು ಅದೇ ಮಗುವಿಗೆ ಇಪ್ಪತ್ತು ಸಲ ಹೇಳುತ್ತಿದ್ದುದನ್ನು ಕಂಡು ಗಂಡ ಬೆರಗಾದನಂತೆ. ಹತ್ತೊಂಬತ್ತಕ್ಕೆ ನಿಲ್ಲಿಸಿದ್ದರೆ ಪಟ್ಟ ಶ್ರಮವೆಲ್ಲ ಹಾಳಾಗುತ್ತಿತ್ತು ಎಂದು ಹೆಂಡತಿ ಉತ್ತರ ಕೊಟ್ಟಳಂತೆ. ಪಾಠ ಹೇಳಿದ ಯಾರಿಗೂ ಈ ಮಾತು ಅತಿಶಯವೆನ್ನಿಸಲಾರದು.

ಮೂರನೆಯದು, ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯೇ: ಒಬ್ಬರಿಗೆ ಕಲಿಸುವಾಗ ಉಳಿದವರು ಏನು ಮಾಡಬೇಕು? ಸುಸಾನಾ ಇದಕ್ಕೆ ಎರಡು ಉಪಾಯ ಮಾಡಿದ್ದಳು. ಪಾಠದ ಆರು ಗಂಟೆ ಯಾರೂ ಕೂಗಾಡುವಂತಿಲ್ಲ. ಅವರವರ ಕೆಲಸ ಅವರವರಿಗೆ. ಅಪ್ಪಣೆಯಿಲ್ಲದೆ ಅಂಗಳಕ್ಕೋ ಬೀದಿಗೋ ಓಡುವುದು ಮಹಾಪರಾಧ. ಇದು ಶಿಸ್ತಿನ ಉಪಾಯ. ಇನ್ನೊಂದು ಮಕ್ಕಳನ್ನೇ ಜೋಡಿ ಮಾಡುವ ಉಪಾಯ. ಸಂಜೆ ಐದು ಗಂಟೆಗೆ ಎಲ್ಲರಿಗಿಂತ ದೊಡ್ಡ ಮಗು, ಮಾತು ಬಲ್ಲವರಲ್ಲಿ ಎಲ್ಲರಿಗಿಂತ ಚಿಕ್ಕದನ್ನು ಕರೆದುಕೊಂಡು ಹೋಗುವುದು, ಎರಡನೆಯದು ಕೆಳಗಿನಿಂದ ಎರಡನೆಯದನ್ನು, ಹೀಗೆಯೇ ಉಳಿದವರು. ದೊಡ್ಡದು ಚಿಕ್ಕದಕ್ಕೆ ಆ ದಿನದ ಕೀರ್ತನೆಯನ್ನೂ ಒಂದು ಅಧ್ಯಾಯವನ್ನೂ ಓದಿ ಹೇಳುವುದು. ತಾಯಿಗೆ ಉಸಿರಾಡುವ ಹೊತ್ತು. ದೊಡ್ಡವರಿಗೆ ಕಲಿತದ್ದನ್ನು ಕಲಿಸುವ ಹೊತ್ತು.

ಆ ಮನೆಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಬರಿಯ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಹೆಸರಿನ ಜೊತೆಗೆ ಸೋದರ, ಸೋದರಿ ಎಂದು ಸೇರಿಸಬೇಕಾಗಿತ್ತು. ಅಣ್ಣ, ಅಕ್ಕ ಎಂದು ಕರೆಯುವ ನಮಗೆ ಇದು ಸಹಜ. ಆಂಗ್ಲರ ಮನೆಯಲ್ಲಿ ಪ್ರಯತ್ನಪೂರ್ವಕವಾಗಿ ತಂದ ಕಟ್ಟು.

1709ರ ಫೆಬ್ರವರಿ 9ರ ರಾತ್ರಿ ಆ ಮನೆ ಬೆಂಕಿಗೆ ಆಹುತಿಯಾಯಿತು. ಐದು ವರ್ಷದ ಜಾನನನ್ನು ಕಿಟಕಿಯಿಂದ ಹೊರಕ್ಕೆ ಎಳೆದುಕೊಂಡರು. ಪುಸ್ತಕಗಳು, ಬರೆಹಗಳು ಎಲ್ಲ ಬೂದಿಯಾದವು. ಮನೆ ಮತ್ತೆ ಏಳುವವರೆಗೆ ಮಕ್ಕಳು ನೆಂಟರಿಷ್ಟರ ಮನೆಗಳಲ್ಲಿ ಚೆದುರಿಹೋದರು. ಮರಳಿ ಬಂದಾಗ ಅವರ ಮಾತು ಒರಟಾಗಿತ್ತು, ನಡತೆ ಸಡಿಲವಾಗಿತ್ತು. ತಾಯಿ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಸುಟ್ಟುಹೋದ ಪುಸ್ತಕಗಳ ಜಾಗದಲ್ಲಿ ತಾನೇ ಪಾಠಗಳನ್ನು ಬರೆದಳು. ಮಗಳು ಸೂಕಿಗೆ ಕಾಗದದ ರೂಪದಲ್ಲಿ ಧರ್ಮದ ಮೂಲತತ್ತ್ವಗಳ ವಿವರಣೆ, ಹಿರಿಯ ಮಗಳು ಎಮಿಲಿಯಾಳಿಗಾಗಿ ತಾಯಿ ಮಗಳ ಸಂವಾದರೂಪದ ಒಂದು ಗ್ರಂಥ.

ಆಕೆಯ ಕಾಗದದ ಕೊನೆಯಲ್ಲಿ ಎಂಟು ಗೃಹನಿಯಮಗಳಿವೆ. ತಪ್ಪು ಮಾಡಿದವನು ತಾನಾಗಿ ಒಪ್ಪಿಕೊಂಡು ತಿದ್ದಿಕೊಳ್ಳುವೆನೆಂದರೆ ಅವನಿಗೆ ಪೆಟ್ಟಿಲ್ಲ. ಒಂದು ತಪ್ಪಿಗೆ ಎರಡು ಸಲ ಶಿಕ್ಷೆಯಿಲ್ಲ. ಮುಗಿದದ್ದನ್ನು ಮತ್ತೆ ಎತ್ತಿ ಆಡುವಂತಿಲ್ಲ. ಮೆಚ್ಚಿಸಬೇಕೆಂಬ ಆಸೆಯಿಂದ ಮಗು ಏನಾದರೂ ಮಾಡಿದರೆ, ಅದು ಸರಿಯಾಗಿ ಬಾರದಿದ್ದರೂ ಪ್ರೀತಿಯಿಂದ ಒಪ್ಪಿಕೊಳ್ಳಬೇಕು. ಇನ್ನೊಬ್ಬರ ಸೊತ್ತನ್ನು, ಅದು ಒಂದು ಗುಂಡುಸೂಜಿಯೇ ಆಗಿರಲಿ, ಕೇಳದೆ ಮುಟ್ಟಕೂಡದು. ಕೊಟ್ಟ ಮಾತು ನಡೆಯಬೇಕು. ಕೊಟ್ಟ ವಸ್ತು ಕೊಟ್ಟವನದಲ್ಲ. ಹಲವು ಮಕ್ಕಳಿರುವ ಮನೆಯನ್ನು ಕಂಡವರಿಗೆ ಈ ನಿಯಮಗಳು ಎಲ್ಲಿಂದ ಹುಟ್ಟಿದವೆಂದು ಹೇಳಬೇಕಾಗಿಲ್ಲ. ಒಂದೊಂದರ ಹಿಂದೆಯೂ ಒಂದೊಂದು ಜಗಳವಿದೆ. ಎಂಟನೆಯ ನಿಯಮವನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಅದರ ಮಾತು ಮುಂದೆ ಬರುತ್ತದೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ಅರ್ಧ ಮಾತನ್ನು ಮುಚ್ಚಿಟ್ಟಂತೆ. ಮಗುವಿನ ಮನಸ್ಸನ್ನು ರೂಪಿಸಬೇಕಾದರೆ ಮೊದಲು ಅದರ ಸ್ವೇಚ್ಛೆಯನ್ನು ಗೆಲ್ಲಬೇಕು ಎಂಬುದು ಸುಸಾನಾಳ ಮೂಲಮಂತ್ರ. ಒಂದು ವರ್ಷ ತುಂಬುವುದರೊಳಗೆ ಮಕ್ಕಳು ಬೆತ್ತಕ್ಕೆ ಹೆದರುವುದನ್ನೂ, ಅಳುವಾಗ ಸದ್ದಿಲ್ಲದೆ ಅಳುವುದನ್ನೂ ಕಲಿಯುತ್ತಿದ್ದರೆಂದು ಆಕೆ ಹೆಮ್ಮೆಯಿಂದಲೇ ಬರೆದಿದ್ದಾಳೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಯೂ ಇದೇ ದಾರಿಯದು. ಆ ವಾಕ್ಯವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಮುದುಡುತ್ತದೆ. ಹತ್ತು ಮಕ್ಕಳ ಮನೆ ನಿಶ್ಶಬ್ದವಾಗಿತ್ತೆಂದರೆ ಆ ನಿಶ್ಶಬ್ದಕ್ಕೆ ಯಾರು ಬೆಲೆ ತೆತ್ತರು ಎಂದು ಕೇಳಲೇಬೇಕಾಗುತ್ತದೆ.

ಉತ್ತರ ಆ ಮನೆಯ ಹೆಣ್ಣುಮಕ್ಕಳ ಬಾಳಿನಲ್ಲಿದೆ. ಗಂಡುಮಕ್ಕಳು ಮೂವರೂ ಮನೆಯ ಪಾಠ ಮುಗಿಸಿ ಹೊರಗಿನ ಶಾಲೆಗಳಿಗೆ ಹೋದರು. ಮೂವರೂ ಆಕ್ಸ್‌ಫರ್ಡ್ ಸೇರಿದರು. ಜಾನ್ ಒಂದು ಪಂಥಕ್ಕೆ ಮೂಲಪುರುಷನಾದ. ಚಾರ್ಲ್ಸ್ ಸಾವಿರಾರು ಕೀರ್ತನೆಗಳನ್ನು ರಚಿಸಿದ. ಹೆಣ್ಣುಮಕ್ಕಳಿಗೆ ಅಂಥ ಎರಡನೆಯ ಶಾಲೆ ಇರಲಿಲ್ಲ. ಮೆಹೆಟಬೆಲ್, ಮನೆಯವರ ಬಾಯಲ್ಲಿ ಹೆಟ್ಟಿ, ಎಂಟನೆಯ ವಯಸ್ಸಿಗೆ ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯನ್ನು ಓದಬಲ್ಲವಳಾಗಿದ್ದಳೆಂದು ಹೇಳುತ್ತಾರೆ. ಕವಿತೆಯೂ ಅವಳಿಗೆ ಒಲಿದಿತ್ತು. ಅವಳು ತಾನಾಗಿ ಮೆಚ್ಚಿದವನನ್ನು ತಂದೆ ಒಪ್ಪಲಿಲ್ಲ. ಅವಳು ಮನೆಬಿಟ್ಟು ಹೋದಳು, ಮೋಸಹೋಗಿ ಹಿಂದಿರುಗಿದಳು. 1725ರಲ್ಲಿ, ಓದಿನಲ್ಲಾಗಲಿ ಅಭಿರುಚಿಯಲ್ಲಾಗಲಿ ಅವಳಿಗೆ ಸರಿಜೋಡಿಯಲ್ಲದ, ಸೀಸದ ಕೊಳವೆಗಳ ಕೆಲಸದ ಕಸುಬಿಯೊಬ್ಬನಿಗೆ ಆತುರಾತುರವಾಗಿ ಮದುವೆಮಾಡಿದರು. ತಂದೆ ಸಾಯುವವರೆಗೂ ಅವಳನ್ನು ಕ್ಷಮಿಸಲಿಲ್ಲ. ಮರುವರ್ಷ ಜಾನ್ ದಯೆಯನ್ನು ಕುರಿತು ಉಪದೇಶ ಮಾಡಿ ಅಕ್ಕನ ಪರ ವಹಿಸಿದಾಗ ತಂದೆಗೆ ಅವನ ಮೇಲೂ ಕೋಪ ಬಂತು. ಗ್ರೀಕ್ ಓದಿದ ಮಗಳಿಗೆ ತನ್ನ ಬಾಳಿನ ಬಗೆಗೆ ಮಾತನಾಡುವ ಸ್ವಾತಂತ್ರ್ಯವನ್ನು ಆ ಮನೆ ಕೊಡಲಿಲ್ಲ. ಮಕ್ಕಳ ಇಚ್ಛೆಯನ್ನು ಗೆಲ್ಲುವುದನ್ನೇ ಗುರಿಯಾಗಿಟ್ಟುಕೊಂಡ ಶಿಕ್ಷಣ, ಅವರು ದೊಡ್ಡವರಾಗಿ ತಮ್ಮ ಇಚ್ಛೆಯನ್ನು ನುಡಿದ ದಿನ ಏನು ಮಾಡಬೇಕೆಂಬುದನ್ನು ಮುಂಚಿತವಾಗಿ ಯೋಚಿಸಿರುವುದಿಲ್ಲ.

ಹಾಗಾದರೆ ಮಕ್ಕಳು ಆ ತಾಯಿಯನ್ನು ಕೊನೆಯವರೆಗೆ ಪ್ರೀತಿಸಿದ್ದು ಏತಕ್ಕೆ? ಇದಕ್ಕೆ ನನಗೆ ಸಿಕ್ಕ ಉತ್ತರ ಇನ್ನೊಂದು ಕಾಗದದಲ್ಲಿದೆ. 1712ರಲ್ಲಿ, ಲಂಡನ್ನಿಗೆ ಹೋಗಿದ್ದ ಗಂಡನಿಗೆ ಬರೆದದ್ದು. ಗಂಡನ ಓದುವ ಕೋಣೆಯಲ್ಲಿದ್ದ ಒಂದು ವೃತ್ತಾಂತವನ್ನು ಹಿರಿಯ ಮಗಳು ತಾಯಿಗೆ ಓದಿ ಹೇಳಿದಳು. ಅದು ನಮ್ಮ ನೆರೆಯ ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ 1706ರಲ್ಲಿ ಬಂದಿಳಿದ ಡೇನಿಷ್ ಮಿಷನ್ನಿನವರ ಕತೆ. ಅದನ್ನು ಕೇಳಿ ಆಕೆಯ ಮನಸ್ಸು ಕಲಕಿತು. ಅಷ್ಟು ದೂರ ಹೋಗಿ ಅಪರಿಚಿತರಿಗಾಗಿ ದುಡಿಯುವವರಿರುವಾಗ, ತಾನು ತನ್ನ ಮನೆಯೊಳಗಿನ ಮಕ್ಕಳಿಗೆ ಇನ್ನೂ ಹೆಚ್ಚಾಗಿ ಏನನ್ನಾದರೂ ಮಾಡಬಹುದಲ್ಲ ಎನಿಸಿತು. ವಾರದ ಒಂದೊಂದು ರಾತ್ರಿಯನ್ನು ಒಂದೊಂದು ಮಗುವಿಗೆ ಮೀಸಲಿಟ್ಟಳು. ಸೋಮವಾರ ಮೋಲಿ, ಮಂಗಳವಾರ ಹೆಟ್ಟಿ, ಬುಧವಾರ ನ್ಯಾನ್ಸಿ, ಗುರುವಾರ ಜ್ಯಾಕಿ ಎಂದರೆ ಜಾನ್, ಶುಕ್ರವಾರ ಪ್ಯಾಟಿ, ಶನಿವಾರ ಚಾರ್ಲ್ಸ್, ಭಾನುವಾರ ಎಮಿಲಿಯಾ ಸೂಕಿ ಇಬ್ಬರೂ. ಹಿರಿಯ ಮಗ ಆಗ ಊರಿನಲ್ಲಿರಲಿಲ್ಲ. ಕೆಜಿಯಾ ಇನ್ನೂ ಹಸುಳೆ. ಆ ಹೊತ್ತು ಬೇರೆ ಯಾರಿಗೂ ಪ್ರವೇಶವಿಲ್ಲ. ಮಗುವಿನ ಮನಸ್ಸಿನಲ್ಲಿ ಏನಿದೆ ಎಂದು ಕೇಳುವ ಹೊತ್ತು ಅದು. ಅಕ್ಷರ ಕಲಿಯಲು ಒಂದೂವರೆ ದಿನ ತೆಗೆದುಕೊಂಡ ಮೋಲಿಗೂ ನ್ಯಾನ್ಸಿಗೂ ಉಳಿದವರಷ್ಟೇ ಪಾಲು.

ಇಪ್ಪತ್ತು ವರ್ಷಗಳ ಮೇಲೆ, 1732ರಲ್ಲಿ, ಆಕ್ಸ್‌ಫರ್ಡಿನ ಆ ಅಧ್ಯಾಪಕ ತಾಯಿಗೆ ಬರೆದ: ಹಿಂದೆ ಗುರುವಾರದ ಸಂಜೆ ನನಗಾಗಿ ಕೊಡುತ್ತಿದ್ದೆಯಲ್ಲ, ಆ ಸ್ವಲ್ಪ ಹೊತ್ತನ್ನು ಈಗಲೂ ನನಗಾಗಿ ಮೀಸಲಿಡಬಾರದೆ ಎಂದು. ಬೆಳೆದ ಮಗ ಮತ್ತೆ ಬೇಕೆಂದು ಕೇಳಿದ್ದು ಆ ಸಂಜೆಯನ್ನು. ಆದರೆ ಇದೇ ಜಾನ್ 1748ರಲ್ಲಿ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನಲ್ಲಿ ಶಾಲೆಯನ್ನು ತೆರೆದಾಗ, ತಾಯಿಯ ಶಿಸ್ತನ್ನು ಇನ್ನಷ್ಟು ಬಿಗಿಮಾಡಿದ. ಮಕ್ಕಳು ನಸುಕಿನ ನಾಲ್ಕು ಗಂಟೆಗೆ ಏಳಬೇಕು, ಆಟವಿಲ್ಲ, ರಜೆಯಿಲ್ಲ. ಗಂಟೆ ಹೊಡೆದು ನಡೆಸುವ ಶಾಲೆ ಆರು ಗಂಟೆಗಳ ಪಾಠವನ್ನು ಎರವಲು ತರಬಲ್ಲದು. ಗುರುವಾರದ ಸಂಜೆಯನ್ನು ಹಾಗೆ ತರುವುದು ಸುಲಭವಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. 2009ರ ಶಿಕ್ಷಣ ಹಕ್ಕಿನ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಾಲೆಯನ್ನು ಹಕ್ಕಾಗಿಸಿದೆ. ಎಂದೂ ಶಾಲೆಯ ಮೆಟ್ಟಿಲು ಹತ್ತದ ಮಗು ಕೂಡ ವಯಸ್ಸಿಗೆ ತಕ್ಕ ತರಗತಿಗೆ ಸೇರಬಹುದೆಂದು ಅದು ಹೇಳುತ್ತದೆ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಶಾಲೆಗೆ ಹೋಗದೆಯೂ ಪರೀಕ್ಷೆ ಕಟ್ಟುವ ಅವಕಾಶವಿದೆ. ಎಂದರೆ, ಮನೆಯಲ್ಲಿ ಕಲಿಸುವ ತಂದೆತಾಯಿಗಳ ಮಕ್ಕಳಿಗೆ ಹಿಂದಿರುಗುವ ಬಾಗಿಲು ಮುಚ್ಚಿಲ್ಲ. ಆ ಬಾಗಿಲನ್ನು ಮುಚ್ಚದಂತೆ ನೋಡಿಕೊಳ್ಳುವುದು ತಂದೆತಾಯಿಗಳ ಮೊದಲ ಕರ್ತವ್ಯ. ಮಗು ಒಂದು ದಿನ 'ನಾನೂ ಶಾಲೆಗೆ ಹೋಗ್ತೀನಿ' ಎಂದರೆ, ಆ ಮಾತನ್ನು ಹಟವೆಂದು ತಿಳಿಯಕೂಡದು.

2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ, ಬಯಸಲಿ ಬಿಡಲಿ, ನಮ್ಮ ಮನೆಗಳೆಲ್ಲ ಶಾಲೆಗಳಾದವು. ಆ ವರ್ಷದ ಆಗಸ್ಟಿನಲ್ಲಿ ನಮ್ಮ ಸರ್ಕಾರ 'ವಿದ್ಯಾಗಮ' ಎಂಬ ಯೋಜನೆ ಹೂಡಿತು. ಮೇಷ್ಟರುಗಳು ದೇವಸ್ಥಾನದ ಜಗಲಿಯಲ್ಲಿ, ಅರಳಿಕಟ್ಟೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು. ಅಕ್ಟೋಬರಿನಲ್ಲಿ ರೋಗದ ಭಯದಿಂದ ಅದೂ ನಿಂತಿತು. ಒಂದೇ ಮೊಬೈಲು ಇದ್ದ ಮನೆಗಳಲ್ಲಿ, ಅದು ಮೊದಲು ಯಾರ ಕೈಗೆ ಎಂಬ ಪ್ರಶ್ನೆ ದಿನವೂ ಏಳುತ್ತಿತ್ತು. ಅಣ್ಣನ ಕೈಗೋ, ತಂಗಿಯ ಕೈಗೋ? ಪಾಠದ ಹೊತ್ತಿನಲ್ಲಿ ಅಮ್ಮ ಕೂಗಿದರೆ ಎದ್ದು ಹೋಗುವವರು ಯಾರು? ಇವು ಚಿಕ್ಕ ನಿರ್ಧಾರಗಳಂತೆ ತೋರುತ್ತವೆ. ಒಂದು ವರ್ಷ ಕಳೆದಾಗ ಒಂದು ಮಗು ಓದುತ್ತಿರುತ್ತದೆ, ಇನ್ನೊಂದು ಪಾತ್ರೆ ತೊಳೆಯುತ್ತಿರುತ್ತದೆ.

ಸುಸಾನಾ ವೆಸ್ಲಿಯ ಎಂಟನೆಯ ನಿಯಮವನ್ನು ಹೇಳಬೇಕಾದದ್ದು ಇಲ್ಲಿ. ಚೆನ್ನಾಗಿ ಓದಲು ಬರುವವರೆಗೆ ಯಾವ ಹೆಣ್ಣುಮಗುವಿಗೂ ಹೊಲಿಗೆ ಮೊದಲಾದ ಮನೆಗೆಲಸ ಕಲಿಸಕೂಡದು. ಓದು ಬಂದಮೇಲೆ, ಓದಿಗೆ ಎಷ್ಟು ಹೊತ್ತು ಎಷ್ಟು ಶ್ರದ್ಧೆ ಕೊಟ್ಟಳೋ ಕೆಲಸಕ್ಕೂ ಅಷ್ಟನ್ನೇ ಕೊಡಲಿ. ಹೆಂಗಸರಲ್ಲಿ ಕೇಳುವಂತೆ ಓದಬಲ್ಲವರು ವಿರಳರಾಗಿರುವುದಕ್ಕೆ, ಓದು ಬರುವ ಮೊದಲೇ ಅವರ ಕೈಗೆ ಸೂಜಿ ಕೊಡುವುದೇ ಕಾರಣ ಎಂದು ಆಕೆ ಸ್ಪಷ್ಟವಾಗಿ ಬರೆದಿದ್ದಾಳೆ. ಆಕೆಯ ಬೆತ್ತವನ್ನು ನಾವು ಎರವಲು ತರುವುದು ಬೇಡ. ಸದ್ದಿಲ್ಲದೆ ಅಳಿಸುವ ವಿದ್ಯೆಯೂ ಬೇಡ. ಮನೆಯಲ್ಲಿ ಮಕ್ಕಳಿಗೆ ಕಲಿಸುವ ತಾಯಂದಿರು, ಮಕ್ಕಳನ್ನು ಶಾಲೆಗೆ ಕಳಿಸಿ ಸಂಜೆ ಬರಮಾಡಿಕೊಳ್ಳುವ ತಾಯಂದಿರು, ಅವರಿಗಿಂತ ಹೆಚ್ಚಾಗಿ ಈ ವಿಷಯದಲ್ಲಿ ಸಾಮಾನ್ಯವಾಗಿ ಮೌನವಾಗಿರುವ ತಂದೆಯರು, ಈ ಎಂಟನೆಯ ನಿಯಮವನ್ನೂ ಮಗುವಿಗೊಂದು ಸಂಜೆಯನ್ನೂ ತೆಗೆದುಕೊಂಡರೆ ಸಾಕು. ಏಳು ಮಕ್ಕಳಿಲ್ಲದ ಮನೆಗಳಲ್ಲಿ ವಾರಕ್ಕೆ ಒಂದೆರಡು ಸಂಜೆಗಳಾದರೂ ಉಳಿಯುತ್ತವೆ. ಅವನ್ನು ಗಂಡಹೆಂಡಿರು ಒಬ್ಬರೊಡನೊಬ್ಬರು ಮಾತನಾಡಲು ಬಳಸಿಕೊಳ್ಳಲಿ.

(ಬಾನುಲಿ ಭಾಷಣ)